ಬೆಳಗಿನ ಕುಂಟು, ಆರು ನಿಮಿಷದ ನಡಿಗೆ

‘ಐಕ್ಳಿಗೂ ವಾತ ಬತ್ತದಾ ಸಾರ್?’

ಊದಿದ ಮಂಡಿಯ ಮಗುವನ್ನು ತೋರಿಸಿ ಇದು ಸಂಧಿವಾತ ಎಂದರೆ ಮಂಡ್ಯ ಸೀಮೆಯ ಅಜ್ಜಿಯರು ಕೇಳುವ ಮೊದಲ ಮಾತು ಹೆಚ್ಚುಕಡಿಮೆ ಇದೇ. ವಾತ, ವಾಯು, ಕೀಲುನೋವು ಎಲ್ಲ ಅವರ ಮಟ್ಟಿಗೆ ತಮ್ಮ ವಯಸ್ಸಿನವರ ಸ್ವತ್ತು. ಆದರೆ ಹಾಲುಹಲ್ಲು ಬೀಳದ ಮಗುವಿಗೂ ಅದು ಬರುತ್ತದೆ. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಫ್ರೆಡರಿಕ್ ಸ್ಟಿಲ್ 1897ರಲ್ಲೇ 22 ಮಕ್ಕಳ ವಿವರ ಬರೆದು, ದೊಡ್ಡವರ ಕಾಯಿಲೆಗೂ ಇದಕ್ಕೂ ವ್ಯತ್ಯಾಸವಿದೆ ಎಂದು ತೋರಿಸಿಕೊಟ್ಟಿದ್ದರು. ಇಂದಿನ ಹೆಸರು ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್, ಚಿಕ್ಕದಾಗಿ ಜೆಐಎ. 16 ವರ್ಷ ತುಂಬುವ ಮೊದಲೇ ಶುರುವಾಗಿ, ಕನಿಷ್ಠ 6 ವಾರ ಬಿಡದೆ ಕಾಡುವ, ಬೇರೆ ಕಾರಣ ಸಿಗದ ಕೀಲಿನ ಉರಿಯೂತ ಇದು. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಒಳಪದರದ ಮೇಲೆ ತಿರುಗಿ ಬೀಳುತ್ತದೆ. ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ ಸಾವಿರ ಮಕ್ಕಳಿಗೆ ಒಬ್ಬರ ಆಸುಪಾಸು.

ಕಾಯಿಲೆ ಪತ್ತೆಯಾದ ಮೇಲೆ ಅಪ್ಪ–ಅಮ್ಮ ಔಷಧಿಯ ಬಗ್ಗೆ ಕೇಳುತ್ತಾರೆ, ರಕ್ತಪರೀಕ್ಷೆಯ ಬಗ್ಗೆ ಕೇಳುತ್ತಾರೆ, ಪಥ್ಯದ ಬಗ್ಗೆಯಂತೂ ತಪ್ಪದೆ ಕೇಳುತ್ತಾರೆ. ಮಗು ಎಷ್ಟು ನಡೆಯಬಲ್ಲದು, ಎಷ್ಟು ಓಡಬಲ್ಲದು, ಎಷ್ಟಕ್ಕೆ ಸುಸ್ತಾಗುತ್ತದೆ ಎಂಬುದನ್ನು ಅಳೆದು ಬರೆದಿಡಿ ಎಂದು ಕೇಳುವವರು ಕಡಿಮೆ. ಬರೆದಿಡುವ ಆಸ್ಪತ್ರೆಗಳೂ ಕಡಿಮೆಯೇ. ಈ ಕಾಯಿಲೆಯಲ್ಲಿ ಮಗುವಿನ ಬಾಯಿಗಿಂತ ಅದರ ಕಾಲು ಹೆಚ್ಚು ಹೇಳುತ್ತದೆ ಎನ್ನುವವನು ನಾನು.

ದೊಡ್ಡವರಿಗೆ ಮಂಡಿ ನೋವಾದರೆ ಊರಿಗೆಲ್ಲ ಗೊತ್ತಾಗುತ್ತದೆ. ಮೂರು ವರ್ಷದ ಮಗು ನೋವು ಎನ್ನುವುದೇ ಇಲ್ಲ, ಎತ್ತಿಕೋ ಎಂದು ಕೈ ಚಾಚುತ್ತದೆ. ಎಂಟು ವರ್ಷದವನು ಲಗೋರಿ ಬಿಟ್ಟು ಚೌಕಾಬಾರಕ್ಕೆ ಕೂರುತ್ತಾನೆ. ಹತ್ತು ವರ್ಷದವಳು ಕುಂಟೆಬಿಲ್ಲೆಯಲ್ಲಿ ತನ್ನ ಸರದಿಯನ್ನು ಗೆಳತಿಗೆ ಕೊಟ್ಟು ಪಕ್ಕದಲ್ಲಿ ನಿಲ್ಲುತ್ತಾಳೆ. ಮಕ್ಕಳು ಕಾಯಿಲೆಗೆ ತಕ್ಕಂತೆ ಆಟವನ್ನೇ ಬದಲಿಸಿಕೊಳ್ಳುತ್ತಾರೆ. ಆರು ತಿಂಗಳಾದ ಮೇಲೆ ‘ನಮ್ಮ ಹುಡುಗಿ ಸ್ವಲ್ಪ ಸಾಧು’ ಎಂದು ಮನೆಯವರೇ ಹೇಳತೊಡಗುತ್ತಾರೆ.

ಅಮ್ಮಂದಿರ ಬಾಯಲ್ಲಿ ಮಾತ್ರ ಒಂದು ಸುಳಿವು ಮೊದಲಿನಿಂದಲೂ ಇರುತ್ತದೆ: ‘ಬೆಳಿಗ್ಗೆ ಎದ್ದೇಟ್ಗೆ ಕುಂಟ್ತದೆ, ಹೊತ್ತೇರ್ದಂಗೆ ಸರಿಹೋಯ್ತದೆ.’ ಇದಕ್ಕಿಂತ ಒಳ್ಳೆಯ ರೋಗವಿವರಣೆ ಪಠ್ಯಪುಸ್ತಕದಲ್ಲೂ ಇಲ್ಲ. ಬೆಳೆಯುವ ವಯಸ್ಸಿನ ಕಾಲುನೋವು ಸಂಜೆಗೋ ರಾತ್ರಿಗೋ ಬರುತ್ತದೆ, ಎರಡೂ ಕಾಲಿಗೆ ಬರುತ್ತದೆ, ಒತ್ತಿದರೆ ಹೋಗುತ್ತದೆ, ಬೆಳಿಗ್ಗೆ ಮಗು ಚೆಂಗನೆ ಓಡಾಡುತ್ತದೆ. ಉರಿಯೂತದ ಕೀಲು ಇದಕ್ಕೆ ತದ್ವಿರುದ್ಧ: ರಾತ್ರಿಯಿಡೀ ಅಲ್ಲಾಡದೆ ಮಲಗಿ ಎದ್ದಾಗ ಬಿಗಿದಿರುತ್ತದೆ, ನಡೆದಾಡಿದಂತೆ ಸಡಿಲವಾಗುತ್ತದೆ. ಆದರೂ ಬಹಳ ಮಕ್ಕಳು ‘ಬಿದ್ದು ಏಟಾಗಿರಬೇಕು’ ಎಂಬ ಸಮಾಧಾನದಲ್ಲಿ, ಎಣ್ಣೆ ನೀವಿಸಿಕೊಳ್ಳುತ್ತ, ಪಟ್ಟು ಹಾಕಿಸಿಕೊಳ್ಳುತ್ತ ತಿಂಗಳುಗಟ್ಟಲೆ ಕಳೆಯುತ್ತಾರೆ. ರುಮ್ಯಾಟಿಕ್ ಜ್ವರ ಎಂಬ ತಪ್ಪು ಹಣೆಪಟ್ಟಿ ಹೊತ್ತು 21 ದಿನಕ್ಕೊಮ್ಮೆ ಪೆನಿಸಿಲಿನ್ ಚುಚ್ಚಿಸಿಕೊಳ್ಳುವ ಮಕ್ಕಳೂ ಇದ್ದಾರೆ. ಆ ಜ್ವರದಲ್ಲಿ ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುತ್ತದೆ, ಒಂದೊಂದು ಕೀಲೂ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಜೆಐಎ ಹಿಡಿದ ಮಂಡಿ ವಾರಗಟ್ಟಲೆ ಊದಿಕೊಂಡೇ ಇರುತ್ತದೆ. ಇನ್ನು ಆರ್‌ಎ ಫ್ಯಾಕ್ಟರ್ ಪರೀಕ್ಷೆ ನೆಗೆಟಿವ್ ಬಂತು, ಆದ್ದರಿಂದ ಸಂಧಿವಾತ ಇಲ್ಲ ಎಂಬ ಮಾತು. ಜೆಐಎ ಇರುವ ಬಹುಪಾಲು ಮಕ್ಕಳಲ್ಲಿ ಅದು ನೆಗೆಟಿವ್ವೇ ಬರುವುದು.

ಸರಿ, ನಡಿಗೆಯನ್ನು ಅಳೆಯುವುದು ಹೇಗೆ? ಜಗತ್ತಿನಾದ್ಯಂತ ಬಳಕೆಯಲ್ಲಿರುವ ಸರಳ ವಿಧಾನ ಆರು ನಿಮಿಷದ ನಡಿಗೆ. ಅದರ ಹಿಂದೆ ಒಂದು ಸಣ್ಣ ಕಥೆಯಿದೆ. 1968ರಲ್ಲಿ ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ ಸೈನಿಕರ ದಮ್ಮು ನೋಡಲು 12 ನಿಮಿಷದ ಓಟವೊಂದನ್ನು ಪ್ರಚಾರಕ್ಕೆ ತಂದರು. ಬ್ರಿಟನ್ನಿನ ಶ್ವಾಸಕೋಶ ತಜ್ಞರು 1976ರಲ್ಲಿ ತಮ್ಮ ರೋಗಿಗಳಿಗಾಗಿ ಅದನ್ನೇ 12 ನಿಮಿಷದ ನಡಿಗೆ ಮಾಡಿಕೊಂಡರು. ಉಬ್ಬಸದವರಿಗೆ ಅಷ್ಟೂ ಹೊತ್ತು ನಡೆಯುವುದು ಶಿಕ್ಷೆಯೇ. 1982ರಲ್ಲಿ ಎರಡು, ಆರು, ಹನ್ನೆರಡು ನಿಮಿಷಗಳನ್ನು ಹೋಲಿಸಿ ನೋಡಿದಾಗ ಆರು ನಿಮಿಷ ಸಾಕೆನಿಸಿತು. 2002ರಲ್ಲಿ ಅಮೆರಿಕನ್ ಥೊರಾಸಿಕ್ ಸೊಸೈಟಿ ನಿಯಮಗಳನ್ನು ಬರೆದು ಪ್ರಕಟಿಸಿತು. ಎದೆರೋಗದವರಿಗೆಂದು ಹುಟ್ಟಿದ ಪರೀಕ್ಷೆ ಹೀಗೆ ಮಕ್ಕಳ ಕೀಲಿನವರೆಗೆ ಬಂದಿದೆ.

ಬೇಕಾಗುವುದು 30 ಮೀಟರ್ ಉದ್ದದ ಸಮತಟ್ಟು ಪಡಸಾಲೆ, ಮೂರು ಮೀಟರಿಗೊಂದು ಗುರುತು, ತಿರುಗುವ ಕಡೆ ಎರಡು ಕೋನ್, ಒಂದು ಸ್ಟಾಪ್‌ವಾಚ್, ಒಂದು ಕುರ್ಚಿ. ಮಗು ಮೊದಲು ಹತ್ತು ನಿಮಿಷ ಸುಮ್ಮನೆ ಕೂತಿರಬೇಕು. ನಾಡಿ ನೋಡಿ ಬರೆದುಕೊಳ್ಳುತ್ತಾರೆ. ಎಷ್ಟು ನೋವು, ಎಷ್ಟು ಸುಸ್ತು ಎಂದು ಮುಖಗಳ ಚಿತ್ರವೋ ಅಂಕಿಯೋ ತೋರಿಸಿ ಕೇಳುತ್ತಾರೆ. ಆಮೇಲೆ ಸೂಚನೆ: ‘ಓಡಬಾರದು ಪುಟ್ಟಿ, ನಡೀಬೇಕು. ಆರು ನಿಮಿಷದಲ್ಲಿ ಎಷ್ಟು ದೂರ ಆಗುತ್ತೋ ಅಷ್ಟು. ಸುಸ್ತಾದರೆ ನಿಲ್ಲಬಹುದು, ಗೋಡೆಗೆ ಒರಗಬಹುದು.’ ನಿಂತರೂ ಗಡಿಯಾರ ನಿಲ್ಲುವುದಿಲ್ಲ. ನಿಮಿಷಕ್ಕೊಮ್ಮೆ ಒಂದೇ ಧಾಟಿಯ ಮಾತು: ‘ಚೆನ್ನಾಗಿ ನಡೀತಿದೀಯ, ಇನ್ನು ಐದು ನಿಮಿಷ.’ ಒಂದು ಸಲ ಚಪ್ಪಾಳೆ ತಟ್ಟಿ ಹುರಿದುಂಬಿಸಿ ಇನ್ನೊಂದು ಸಲ ಸುಮ್ಮನಿದ್ದರೆ ಎರಡು ಅಳತೆಗಳನ್ನು ಹೋಲಿಸಲು ಬರುವುದಿಲ್ಲ. ಅಮ್ಮ ಜೊತೆಗೆ ನಡೆಯುವುದೂ ಕೂಡದು, ಏಕೆಂದರೆ ಮಗು ಅಮ್ಮನ ವೇಗಕ್ಕೆ ಕಾಲು ಹಾಕುತ್ತದೆ. ಆರೋಗ್ಯವಂತ ಶಾಲಾ ಮಗು ಎತ್ತರ, ವಯಸ್ಸಿಗೆ ತಕ್ಕಂತೆ 500ರಿಂದ 700 ಮೀಟರ್ ಆಸುಪಾಸು ಕ್ರಮಿಸುತ್ತದೆ. 600 ಮೀಟರ್ ಎಂದರೆ ಆ ಪಡಸಾಲೆಯ ಉದ್ದವನ್ನು 20 ಸಲ ನಡೆದಂತೆ.

ತೀರಾ ಚಿಕ್ಕವರ ವಿಷಯದಲ್ಲಿ ಈ ನಿಯಮಗಳು ಅರ್ಧ ದಾರಿಯಲ್ಲೇ ಕೈಕೊಡುತ್ತವೆ. ಎರಡನೇ ಸುತ್ತಿಗೆ ಅವರ ಕಣ್ಣು ಕಿಟಕಿಯಾಚೆಯ ನಾಯಿಯ ಮೇಲಿರುತ್ತದೆ. ಆಸ್ಟ್ರಿಯಾದ ತಂಡವೊಂದು ಮಕ್ಕಳ ಕೈಗೆ ದೂರ ಅಳೆಯುವ ಚಕ್ರವನ್ನೇ ಕೊಟ್ಟು ತಳ್ಳಿಕೊಂಡು ನಡೆಯಲು ಬಿಟ್ಟಿತು. 2007ರಲ್ಲಿ ಪ್ರಕಟವಾದ ಅವರ ಅಳತೆಗಳು ಮೂರು ವರ್ಷದ ಮಕ್ಕಳಿಂದಲೇ ಶುರುವಾಗುತ್ತವೆ. ಟಯರು ಉರುಳಿಸಿಕೊಂಡು ಬೆಳೆದ ನಮ್ಮ ಕಡೆಯ ಮಕ್ಕಳಿಗೆ ಈ ಉಪಾಯ ಹಿಡಿಸದೆ ಇರುವುದಿಲ್ಲ. ಭಾರತದಲ್ಲಿ 7ರಿಂದ 12 ವರ್ಷದ ಶಾಲಾಮಕ್ಕಳ ಆರು ನಿಮಿಷದ ಅಳತೆಗಳು 2012ರಲ್ಲಿ ಇಂಡಿಯನ್ ಜರ್ನಲ್ ಆಫ್ ಪೀಡಿಯಾಟ್ರಿಕ್ಸ್‌ನಲ್ಲಿ ಪ್ರಕಟವಾದವು. ಹೀಗಾಗಿ ನಮ್ಮ ಮಗುವನ್ನು ಆಸ್ಟ್ರಿಯಾದ ಮಗುವಿನ ಪಕ್ಕ ನಿಲ್ಲಿಸಿ ನೋಡಬೇಕಾದ ಹಂಗಿಲ್ಲ.

ನಿಜಕ್ಕೂ ಬೆಲೆಬಾಳುವ ಹೋಲಿಕೆ ಮಗುವಿನ ಹಿಂದಿನ ಅಳತೆಯ ಜೊತೆಗಿನದು. ಔಷಧಿ ಶುರುವಾಗುವ ಮೊದಲು ಎಷ್ಟಿತ್ತು, ಮೂರು ತಿಂಗಳ ಮೇಲೆ ಎಷ್ಟಾಯಿತು? ಇದರಲ್ಲೂ ಒಂದು ಮರಳು ಮಾಡುವ ಸಂಗತಿಯಿದೆ. ಮಗು ಬೆಳೆಯುತ್ತಿರುತ್ತದೆ, ಕಾಲು ಉದ್ದವಾದಷ್ಟೂ ದೂರ ತಾನಾಗಿ ಹೆಚ್ಚುತ್ತದೆ. ಒಂದು ವರ್ಷದಲ್ಲಿ ಏನೂ ಹೆಚ್ಚದಿದ್ದರೆ ‘ಹಾಗೇ ಇದೆಯಲ್ಲ’ ಎಂದು ನೆಮ್ಮದಿಪಡುವಂತಿಲ್ಲ, ಹಿಂದೆ ಬಿದ್ದಿದೆ ಎಂದೇ ಅರ್ಥ. ಹಾಗಾಗಿ ದೂರದ ಪಕ್ಕದಲ್ಲಿ ಎತ್ತರವನ್ನೂ ಬರೆಯಬೇಕು. ಚಿಕ್ಕ ಮಕ್ಕಳಲ್ಲಿ ಒಂದೇ ಮಂಡಿಗೆ ಕಾಯಿಲೆ ಬಂದಿದ್ದರೆ ಇನ್ನೊಂದು ವಿಚಿತ್ರ ಕಾಣಿಸುತ್ತದೆ: ಉರಿಯೂತದಿಂದ ಆ ಭಾಗಕ್ಕೆ ರಕ್ತ ಹೆಚ್ಚು ಹರಿದು, ಬೆಳವಣಿಗೆಯ ಪದರ ಚುರುಕಾಗಿ, ಕಾಯಿಲೆಯ ಕಾಲೇ ಉದ್ದ ಬೆಳೆಯುತ್ತದೆ. ಮಗು ಆ ಮಂಡಿಯನ್ನು ಮಡಿಸಿಕೊಂಡು ನಡೆಯತೊಡಗುತ್ತದೆ. ಕುಂಟಿಗೆ ನೋವಷ್ಟೇ ಕಾರಣವಾಗಿರಬೇಕಿಲ್ಲ ಎಂಬುದು ಟೇಪು ಹಿಡಿದಾಗ ತಿಳಿಯುತ್ತದೆ.

ಆರು ನಿಮಿಷದ ನಡಿಗೆ ಹೇಳದ ಸಂಗತಿಯೂ ಇದೆ. ನೆದರ್ಲೆಂಡ್ಸಿನ ಯೂಟ್ರೆಕ್ಟ್‌ನಲ್ಲಿ ಟಿಮ್ ತಾಕನ್ ಮತ್ತು ಸಂಗಡಿಗರು ಈ ಮಕ್ಕಳ ದಮ್ಮನ್ನು ವರ್ಷಗಟ್ಟಲೆ ಅಳೆದಿದ್ದಾರೆ. ಮೂಗು–ಬಾಯಿಗೆ ಮುಖವಾಡ ಕಟ್ಟಿ, ನಿಂತಲ್ಲೇ ತುಳಿಯುವ ಸೈಕಲ್ಲಿನ ಭಾರ ಹೆಚ್ಚಿಸುತ್ತ ಹೋಗಿ, ದೇಹ ಅತಿ ಹೆಚ್ಚೆಂದರೆ ಎಷ್ಟು ಆಮ್ಲಜನಕ ಬಳಸಬಲ್ಲದು ಎಂದು ನೋಡುವ ಪರೀಕ್ಷೆ ಅದು. ಆಗ ಲಭ್ಯವಿದ್ದ ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ ಅವರು ಕಂಡದ್ದು: ಜೆಐಎ ಇರುವ ಮಕ್ಕಳ ಈ ಸಾಮರ್ಥ್ಯ ಆರೋಗ್ಯವಂತರಿಗಿಂತ ಸರಾಸರಿ ಶೇ 21.8ರಷ್ಟು ಕಡಿಮೆ. 2005ರಲ್ಲಿ ಅದೇ ಗುಂಪು ಆರು ನಿಮಿಷದ ನಡಿಗೆಯನ್ನೂ ಪರೀಕ್ಷಿಸಿತು. ನಡಿಗೆ ಈ ಮಕ್ಕಳಿಗೆ ಹಗುರವೇನಲ್ಲ, ತಮ್ಮ ಗರಿಷ್ಠ ಶಕ್ತಿಯ ಶೇ 80ರ ಆಸುಪಾಸು ಖರ್ಚು ಮಾಡಿ ನಡೆಯುತ್ತಾರೆ ಎಂದು ಗೊತ್ತಾಯಿತು. ಆದರೆ ನಡೆದ ದೂರವನ್ನು ನೋಡಿ ಆ ಗರಿಷ್ಠ ಎಷ್ಟೆಂದು ಊಹಿಸಲು ಬರುವುದಿಲ್ಲ ಎಂದೂ ಗೊತ್ತಾಯಿತು. ಎಂದರೆ ಈ ಪರೀಕ್ಷೆ ಮಗುವಿನ ದಿನನಿತ್ಯದ ಓಡಾಟಕ್ಕೆ ಕನ್ನಡಿ, ಎಂಜಿನ್ನಿನ ತಾಕತ್ತು ತಿಳಿಯಲು ಸೈಕಲ್ಲೋ ಟ್ರೆಡ್‌ಮಿಲ್ಲೋ ಬೇಕು.

ಆ ತಾಕತ್ತು ಕುಗ್ಗುವುದಕ್ಕೆ ಕೀಲು ಒಂದೇ ಹೊಣೆಯಲ್ಲ. ದೀರ್ಘಕಾಲದ ಉರಿಯೂತ ರಕ್ತಹೀನತೆ ತರುತ್ತದೆ, ನಮ್ಮಲ್ಲಿ ಅದು ಮೊದಲೇ ಸಾಕಷ್ಟಿದೆ. ತೊಡೆಯ ಮುಂಭಾಗದ ಸ್ನಾಯು ಬೇಗ ಸೊರಗುತ್ತದೆ. ಇದೆಲ್ಲದರ ಮೇಲೆ ದೊಡ್ಡವರ ಅಕ್ಕರೆ: ಓಡಬೇಡ, ಹಾರಬೇಡ, ಕೂತ್ಕೊ.

ಇನ್ನು ಆಸ್ಪತ್ರೆಯ ಪಡಸಾಲೆಯಿಂದ ಊರಿಗೆ ಬರೋಣ, ಏಕೆಂದರೆ ಪರೀಕ್ಷೆ ಎಡವುವುದು ಇಲ್ಲಿಯೇ. ಮೊದಲನೆಯದು ಹೊತ್ತು. ಕೃಷ್ಣರಾಜಪೇಟೆ ತಾಲ್ಲೂಕಿನ ಹಳ್ಳಿಯಿಂದ ನಸುಕಿನ ಬಸ್ಸು ಹತ್ತಿ, ಮೈಸೂರಿನಲ್ಲಿ ಇಳಿದು, ಚೀಟಿ ಮಾಡಿಸಿ, ಸಾಲಿನಲ್ಲಿ ಕೂತು, ಮಗು ವೈದ್ಯರ ಮುಂದೆ ನಿಲ್ಲುವ ಹೊತ್ತಿಗೆ ಹನ್ನೊಂದೂವರೆಯೋ ಹನ್ನೆರಡೋ ಆಗಿರುತ್ತದೆ. ಬೆಳಗಿನ ಬಿಗಿತ ಅಷ್ಟರಲ್ಲಿ ಬಿಟ್ಟಿರುತ್ತದೆ. ಆ ಹೊತ್ತಿನಲ್ಲಿ ನಡೆಸಿದರೆ ಒಳ್ಳೆಯ ಅಂಕಿಯೇ ಬರುತ್ತದೆ, ‘ಚೆನ್ನಾಗಿದ್ದಾಳಲ್ಲ’ ಎಂಬ ಷರಾ ಬೀಳುತ್ತದೆ. ಮುಂದಿನ ಸಲ ಬೇಗ ಬಂದು ಒಂಬತ್ತಕ್ಕೇ ನಡೆದರೆ ಅಂಕಿ ಇಳಿಯುತ್ತದೆ, ಔಷಧಿ ಕೆಲಸ ಮಾಡುತ್ತಿಲ್ಲ ಎನಿಸುತ್ತದೆ. ಪ್ರತಿ ಸಲವೂ ಒಂದೇ ಹೊತ್ತಿಗೆ ಅಳೆಯಿರಿ, ಹೊತ್ತನ್ನೂ ಬರೆಯಿರಿ ಎಂಬುದು ಇದಕ್ಕೇ. ಅಂದಹಾಗೆ, ಗಂಟೆಗಟ್ಟಲೆ ಅಲ್ಲಾಡದೆ ಕೂತರೂ ಕೀಲು ಬಿಗಿಯುತ್ತದೆ. ನಿಲ್ದಾಣದಲ್ಲಿ ಬಸ್ಸಿನಿಂದ ಇಳಿದು ಹಾಕುವ ಮೊದಲ ಹತ್ತು ಹೆಜ್ಜೆಯನ್ನು ಅಪ್ಪನೋ ಅಮ್ಮನೋ ಗಮನಿಸಿದರೆ ಅದೂ ಒಂದು ಪರೀಕ್ಷೆಯೇ.

ಎರಡನೆಯದು ನೆಲ. ಹಿಮ್ಮಡಿಯ ಮೇಲೆ, ಹರಡಿನ ಕೆಳಗೆ ಒಂದು ಕೀಲಿದೆ. ಪಾದವನ್ನು ಒಳಕ್ಕೂ ಹೊರಕ್ಕೂ ವಾಲಿಸುವುದು ಅದರ ಕೆಲಸ. ಅಲ್ಲಿ ಉರಿಯೂತವಿದ್ದರೂ ಟೈಲ್ಸ್ ನೆಲದ ಮೇಲೆ ಮಗು ಸಲೀಸಾಗಿ ನಡೆಯಬಲ್ಲದು. ಸಿಕ್ಕಿಬೀಳುವುದು ಏರುಪೇರಿನ ನೆಲದಲ್ಲಿ. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನಲ್ಲಿ ಶಾಲೆಯ ದಾರಿ ಎಂದರೆ ಗದ್ದೆಯ ಬದು, ನಾಲೆಯ ಏರಿ, ಕಬ್ಬಿನ ಗಾಡಿ ಹರಿದು ಹಳ್ಳಬಿದ್ದ ಓಣಿ. ನಾಗಮಂಗಲದ ಕಡೆ ಹೊಲದ ಕಲ್ಲು–ಮೊರಂಬು. ಆ ಮಗುವಿಗೆ ಪಡಸಾಲೆಯ 550 ಮೀಟರಿಗಿಂತ ಬದುವಿನ 50 ಮೀಟರ್ ದೊಡ್ಡ ಪರೀಕ್ಷೆ. ಶಾಲೆಯ ದಾರಿ ಹೇಗಿದೆ ಎಂದು ಎಲ್ಲ ಫಿಸಿಯೊಥೆರಪಿಸ್ಟರೂ ಒಂದು ಮಾತು ಕೇಳಬೇಕು.

ಮೂರನೆಯದು ಪ್ರಶ್ನಾವಳಿ. ಮಗುವಿನ ದಿನಚರಿಯ ಕಷ್ಟವನ್ನು 0ಯಿಂದ 3ರವರೆಗೆ ಅಂಕ ಕೊಟ್ಟು ಅಳೆಯುವ ಸಿಎಚ್‌ಎಕ್ಯೂ ಎಂಬ ಪಟ್ಟಿ 1994ರಲ್ಲಿ ಅಮೆರಿಕದಲ್ಲಿ ಸಿದ್ಧವಾಯಿತು. ಬಟ್ಟೆ ತೊಡುವುದು, ಏಳುವುದು, ಊಟ, ನಡಿಗೆ, ಶುಚಿ, ಕೈ ಚಾಚುವುದು, ಹಿಡಿತ, ಆಟ ಎಂದು ಎಂಟು ವಿಭಾಗ. ಪಟ್ಟಿ ಗಟ್ಟಿಯಾಗಿದೆ, ಆದರೆ ಅದರ ಮಗು ಟಬ್ಬಿನಲ್ಲಿ ಸ್ನಾನ ಮಾಡುತ್ತದೆ, ಮಾಂಸ ಕತ್ತರಿಸುತ್ತದೆ, ಸೀರಿಯಲ್ ಡಬ್ಬಿ ತೆರೆಯುತ್ತದೆ. ಐದು ಮೆಟ್ಟಿಲು ಹತ್ತಿದರೆ ಸಾಕು ಎನ್ನುತ್ತದೆ ಪಟ್ಟಿ. ಮೇಲುಕೋಟೆಯ ಯೋಗಾನರಸಿಂಹನ ಬೆಟ್ಟಕ್ಕೆ ಅಜ್ಜಿಯ ಕೈಹಿಡಿದು ಹತ್ತುವ ಮಗುವಿಗೆ ಐದು ಮೆಟ್ಟಿಲು ಯಾವ ಲೆಕ್ಕ? ಹತ್ತುವುದಕ್ಕಿಂತ ಇಳಿಯುವಾಗಲೇ ಮಂಡಿಗೆ ಹೆಚ್ಚು ಭಾರ ಬೀಳುತ್ತದೆ ಎಂಬುದೂ ಅಲ್ಲಿ ಗೊತ್ತಾಗುತ್ತದೆ. ನಮ್ಮಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ. ಬಿಸಿಯೂಟಕ್ಕೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಾಳೆಯೆ, ಕೂತರೆ ಕೈ ಊರದೆ ಏಳುತ್ತಾಳೆಯೆ? ಶಾಲೆಯ ಶೌಚಾಲಯದಲ್ಲಿ ಕುಕ್ಕರಗಾಲಲ್ಲಿ ಕೂರಲಾಗುತ್ತದೆಯೆ, ಅಥವಾ ಅದಕ್ಕೆ ಹೆದರಿ ಬೆಳಗಿನಿಂದ ಸಂಜೆಯವರೆಗೆ ನೀರೇ ಕುಡಿಯುವುದಿಲ್ಲವೆ? ನಲ್ಲಿಯಿಂದ ಬಿಂದಿಗೆ ಎತ್ತುತ್ತಾಳೆಯೆ? ಬಿಸಿ ಮುದ್ದೆ ಮುರಿಯುವಾಗ ಮಣಿಕಟ್ಟು ನೋಯುತ್ತದೆಯೆ? ಭಾರತದಲ್ಲಿ ಈ ಪಟ್ಟಿಯನ್ನು ನಮ್ಮ ಬದುಕಿಗೆ ಒಗ್ಗಿಸುವ ಕೆಲಸ ಉತ್ತರದಲ್ಲಿ ನಡೆದಿದೆ. ಮುದ್ದೆಯ ಸೀಮೆಗೆ ಇನ್ನಷ್ಟು ತಿದ್ದುವುದು ನಮ್ಮ ಕೈಯಲ್ಲಿದೆ.

ಈ ಮಕ್ಕಳನ್ನು ಮೊದಲು ಯಾರು ಗುರುತಿಸಬೇಕು? 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬರುತ್ತವೆ. ಆರಂಭದಲ್ಲಿ ಅವರ ಕೈಗೆ ಕೊಟ್ಟ 30 ಸ್ಥಿತಿಗಳ ಪಟ್ಟಿಯಲ್ಲಿ ತಿರುಚು ಪಾದ ಇತ್ತು, ರುಮ್ಯಾಟಿಕ್ ಹೃದ್ರೋಗ ಇತ್ತು, ಮಕ್ಕಳ ಸಂಧಿವಾತ ಇರಲಿಲ್ಲ. ಇದು ನನಗೆ ದೊಡ್ಡ ಲೋಪವೆನಿಸುತ್ತದೆ, ಏಕೆಂದರೆ ನೋಡಲು ಹೆಚ್ಚು ಹೊತ್ತು ಬೇಡ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಹೆಲೆನ್ ಫಾಸ್ಟರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪಿಗಾಲ್ಸ್ ಎಂಬ ತಪಾಸಣೆ ಎರಡು ನಿಮಿಷದ್ದು. ಮೂರು ಪ್ರಶ್ನೆ: ಕೀಲು, ಸ್ನಾಯು, ಬೆನ್ನಿನಲ್ಲಿ ನೋವು–ಬಿಗಿತ ಇದೆಯೆ, ಬಟ್ಟೆ ತೊಡಲು ಯಾರಾದರೂ ನೆರವಾಗಬೇಕೆ, ಮೆಟ್ಟಿಲು ಹತ್ತಿಳಿಯಲು ತೊಂದರೆಯೆ? ಆಮೇಲೆ ಮಗುವನ್ನು ನಡೆಸುವುದು, ತುದಿಗಾಲಲ್ಲಿ ನಡೆಸುವುದು, ಹಿಮ್ಮಡಿಯಲ್ಲಿ ನಡೆಸುವುದು, ಕೈ ಎತ್ತಿಸಿ ಬೆನ್ನು ಬಾಗಿಸುವುದು.

ಶಾಲೆಯ ಕೈಯಲ್ಲಿ ಇನ್ನೊಂದು ಅಳತೆ ಆಗಲೇ ಇದೆ. 2019ರಲ್ಲಿ ಬಂದ ಖೇಲೋ ಇಂಡಿಯಾ ದೈಹಿಕ ಸಾಮರ್ಥ್ಯ ಪರೀಕ್ಷೆಯಲ್ಲಿ ನಾಲ್ಕನೇ ತರಗತಿಯಿಂದ ಮೇಲಿನವರಿಗೆ 600 ಮೀಟರ್ ಓಟ ಅಥವಾ ನಡಿಗೆ ಇದೆ. ಹೆಚ್ಚುಕಡಿಮೆ ಅದೇ ಆರು ನಿಮಿಷದ ದೂರ. ಕೊನೆಗೆ ಬಂದವನ ಹೆಸರಿನ ಮುಂದೆ ಕಡಿಮೆ ಅಂಕ ಬೀಳುತ್ತದೆ, ಪುಟ ಮಗುಚುತ್ತದೆ. ಹೋದ ವರ್ಷ ಚೆನ್ನಾಗಿ ಓಡಿದವನು ಈ ವರ್ಷ ಯಾಕೆ ನಡೆದುಕೊಂಡು ಬಂದ? ಹಿಮ್ಮಡಿ ನೋವೆಂದು ಕಬಡ್ಡಿ ಬಿಟ್ಟ ಹುಡುಗನನ್ನು ದೈಹಿಕ ಶಿಕ್ಷಕರು ‘ಸೋಮಾರಿ’ ಎನ್ನುವ ಮೊದಲು ಒಂದು ವಿಷಯ ತಿಳಿದಿರಲಿ. ಎಲುಬಿಗೆ ಸ್ನಾಯುರಜ್ಜು ಅಂಟುವ ಜಾಗದಲ್ಲೇ ಉರಿಯೂತ ಹುಟ್ಟುವ ಜೆಐಎ ಬಗೆಯೊಂದಿದೆ. ಅದು ಹೆಚ್ಚಾಗಿ ಆರು ವರ್ಷ ದಾಟಿದ ಗಂಡುಹುಡುಗರನ್ನು ಹಿಡಿಯುತ್ತದೆ, ಭಾರತದಲ್ಲಿ ಅದರ ಪಾಲು ದೊಡ್ಡದು. ಹಿಮ್ಮಡಿಯಲ್ಲಿ ಶುರುವಾಗಿ ಮುಂದೆ ಸೊಂಟ, ಬೆನ್ನಿಗೆ ಏರಬಹುದು.

ಕಾಯಿಲೆ ಗುರುತಿಸಿದ ಮೇಲೆ ‘ಆಟಕ್ಕೆ ಕಳಿಸಬೇಡಿ’ ಎಂಬ ಚೀಟಿ ಬರೆಸಿಕೊಂಡು ಬರುವುದು ಹಳೇ ರೂಢಿ. ಹಿಂದೆ ವೈದ್ಯರೂ ಹಾಸಿಗೆ, ಪಟ್ಟಿ, ವಿಶ್ರಾಂತಿ ಎನ್ನುತ್ತಿದ್ದರು. ಈಗ ಆ ಮಾತು ಬದಲಾಗಿದೆ. 2008ರ ಕಾಕ್ರೇನ್ ಪರಿಶೀಲನೆ 212 ಮಕ್ಕಳ ಮೂರು ಪ್ರಯೋಗಗಳನ್ನು ನೋಡಿ, ವ್ಯಾಯಾಮದಿಂದ ಕಾಯಿಲೆ ಉಲ್ಬಣಿಸಿದ ಪುರಾವೆ ಇಲ್ಲ ಎಂದಿತು. ದೊಡ್ಡ ಲಾಭವಾಯಿತೆಂದೂ ಹೇಳಲಿಲ್ಲ. ಅದಕ್ಕೂ ಹಿಂದಿನ ವರ್ಷ ಪ್ರಕಟವಾದ, 80 ಮಕ್ಕಳ ಪ್ರಯೋಗವೊಂದು ಸ್ವಾರಸ್ಯದ್ದು. ಅರ್ಧ ಮಕ್ಕಳಿಗೆ ಬೆವರಿಳಿಸುವ ಕಸರತ್ತು, ಇನ್ನರ್ಧಕ್ಕೆ ಚೀನಾದ ನಿಧಾನಗತಿಯ ಚೀಗಾಂಗ್. ದಿನಚರಿಯ ಸಾಮರ್ಥ್ಯ ಎರಡೂ ಗುಂಪಿನಲ್ಲಿ ಸುಧಾರಿಸಿತು, ತಪ್ಪದೆ ಮಾಡಿದವರು ಮಾತ್ರ ನಿಧಾನದ ಗುಂಪಿನಲ್ಲೇ ಹೆಚ್ಚು. ಮೈಸೂರು ಸೀಮೆಯಲ್ಲಿ ಮುಂದಿನ ಪ್ರಶ್ನೆ ಗೊತ್ತಿರುವುದೇ, ಯೋಗ ಮಾಡಿಸಬಹುದೆ? ಮಾಡಿಸಬಹುದು, ಊದಿದ ಮಂಡಿಗೆ ವಜ್ರಾಸನ, ಪದ್ಮಾಸನದ ಹಟ ಬೇಡ. ಜ್ವರವಿದ್ದಾಗ, ಕೀಲು ಬಿಸಿಯಾಗಿ ಊದಿದಾಗ, ಹೃದಯದ ಪೊರೆಗೆ ಕಾಯಿಲೆ ತಾಗಿದ್ದಾಗ ಪರೀಕ್ಷೆಯೂ ಬೇಡ, ಕಸರತ್ತೂ ಬೇಡ. ಉಳಿದಂತೆ ದಿನಕ್ಕೆ ಸರಾಸರಿ 60 ನಿಮಿಷ ಮೈಬಗ್ಗಿಸುವ ಆಟ ಎಂಬ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾತು ಅಂಗವೈಕಲ್ಯವಿರುವ ಮಕ್ಕಳಿಗೂ ಅನ್ವಯ. ಅಳತೆ ಕೆಲಸಕ್ಕೆ ಬರುವುದು ಆ 60ಕ್ಕೆ ಎಲ್ಲಿಂದ ಶುರುಮಾಡಬೇಕೆಂದು ನಿರ್ಧರಿಸುವಾಗ. ಮಂಡಿಯ ಮೇಲೆ ಮೈಭಾರ ಬೀಳದ ಸೈಕಲ್ ಈ ಮಕ್ಕಳಿಗೆ ಹೇಳಿಮಾಡಿಸಿದ್ದು. 2006–07ರಿಂದ ಎಂಟನೇ ತರಗತಿಯವರಿಗೆ ಸರ್ಕಾರ ಕೊಟ್ಟ ಸೈಕಲ್ಲುಗಳಲ್ಲಿ ಕೆಲವಾದರೂ ಮನೆಯ ಮೂಲೆಯಲ್ಲಿ ಇನ್ನೂ ಇರಬಹುದು.

ಔಷಧಿಯ ವಿಷಯ ಚುಟುಕಾಗಿ. ನೋವು ಇಳಿಸುವ ಮಾತ್ರೆ, ಕೀಲಿಗೇ ಕೊಡುವ ಸ್ಟೆರಾಯ್ಡ್ ಚುಚ್ಚುಮದ್ದು, ಮೆಥೊಟ್ರೆಕ್ಸೇಟ್, ಅದಕ್ಕೂ ಬಗ್ಗದಿದ್ದರೆ ಬಯಾಲಾಜಿಕ್‌ಗಳು. ಮೆಥೊಟ್ರೆಕ್ಸೇಟ್ ವಾರಕ್ಕೊಂದೇ ದಿನದ ಔಷಧಿ. ದಿನವೂ ನುಂಗಿಸಿದರೆ ಜೀವಕ್ಕೆ ಅಪಾಯ, ಹಾಗಾಗಿ ಆ ದಿನದ ಹೆಸರನ್ನು ಚೀಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ. ಎಷ್ಟೇ ಚೆನ್ನಾಗಿ ನಡೆಯುತ್ತಿದ್ದರೂ ಕಣ್ಣಿನ ತಜ್ಞರು ಸ್ಲಿಟ್ ಲ್ಯಾಂಪ್‌ನಲ್ಲಿ ಕಾಲಕಾಲಕ್ಕೆ ನೋಡಬೇಕು. ಈ ಕಾಯಿಲೆ ಕೆಂಪಾಗದೆ, ನೋಯದೆ ಕಣ್ಣಿನ ಒಳಗೂ ಕೂರಬಲ್ಲದು.

ಹೋಗುವುದು ಎಲ್ಲಿಗೆ? ನಾಗಮಂಗಲದವರಿಗೆ ಬಿ.ಜಿ. ನಗರದಲ್ಲಿ 1986ರಲ್ಲಿ ಶುರುವಾದ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ತಾಲ್ಲೂಕಿನೊಳಗೇ ಇದೆ. ಮಂಡ್ಯದಲ್ಲಿ 2006ರಿಂದ ಮಿಮ್ಸ್ ವೈದ್ಯಕೀಯ ಸಂಸ್ಥೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆಯವರಿಗೆ ಮೈಸೂರಿನ ಸರ್ಕಾರಿ ಚೆಲುವಾಂಬ ಆಸ್ಪತ್ರೆ ಕೈಗೆಟುಕುವಂಥದು. ಕಗ್ಗಂಟಾದರೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ. ತಿಂಗಳು ತಿಂಗಳು ಓಡಾಡಬೇಕಾದ ಈ ಕಾಯಿಲೆಯಲ್ಲಿ 2023ರ ಜೂನ್‌ನಿಂದ ಹೆಣ್ಣುಮಕ್ಕಳ ಉಚಿತ ಪ್ರಯಾಣದ ಶಕ್ತಿ ಯೋಜನೆ ಅಮ್ಮ–ಮಗಳ ಬಸ್ ಚಾರ್ಜು ಉಳಿಸಿದೆ. ಹುಡುಗನಾದರೆ ಟಿಕೆಟ್ ತಗೋಬೇಕು.

ಹೋಗುವ ಮುಂಚೆ ಒಂದು ಕೆಲಸ. ಮಗು ಬೆಳಿಗ್ಗೆ ಹಾಸಿಗೆಯಿಂದ ಎದ್ದು ಬಚ್ಚಲಿಗೆ ನಡೆಯುವುದನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ. ಅರ್ಧ ನಿಮಿಷ ಸಾಕು, ಪಾದ ಕಾಣುವಂತಿರಲಿ, ಹಿಂದಿನಿಂದ ಒಂದು ಸಲ, ಪಕ್ಕದಿಂದ ಒಂದು ಸಲ. ಬಿಗಿತ ಬಿಡಲು ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡಿ ಬರೆದುಕೊಳ್ಳಿ. ಆಸ್ಪತ್ರೆಯಲ್ಲಿ ಹನ್ನೆರಡಕ್ಕೆ ನಡೆಸಿ ಅಳೆದ ಅಂಕಿಯ ಪಕ್ಕ ವೈದ್ಯರು ಈ ವಿಡಿಯೊ ಇಟ್ಟು ನೋಡಲಿ.